‘ಸಂಶೋಧನೆ ಹೇಳಿದೆ’ ಅಂದರೆ ಯಾವ ಸಂಶೋಧನೆ?

2025ರ ಜನವರಿ 1ರಿಂದ ದೇಶದ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಹೊಸ ಯೋಜನೆಯೊಂದು ಶುರುವಾಗಿದೆ. ಹೆಸರು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’. ಮೊದಲು ಒಂದೊಂದು ಸಂಸ್ಥೆಯೂ ತನ್ನ ಕೈಲಾದಷ್ಟು ಸಂಶೋಧನಾ ಜರ್ನಲ್‌ಗಳಿಗೆ ಚಂದಾ ಕಟ್ಟುತ್ತಿತ್ತು. ದುಡ್ಡಿದ್ದವರಿಗೆ ಎಲ್ಲ ಸಿಗುತ್ತಿತ್ತು, ಇಲ್ಲದವರಿಗೆ ಏನೂ ಇಲ್ಲ. ಈಗ ಕೇಂದ್ರ ಸರ್ಕಾರವೇ 30 ಅಂತರರಾಷ್ಟ್ರೀಯ ಪ್ರಕಾಶಕರಿಗೆ ಎಲ್ಲರ ಪರವಾಗಿ ಹಣ ಕಟ್ಟುತ್ತದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 6,300ಕ್ಕೂ ಹೆಚ್ಚು ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಹತ್ತಿರ ಹತ್ತಿರ 13,000 ಜರ್ನಲ್‌ಗಳನ್ನು ಓದಬಹುದು.

ಹದಿಮೂರು ಸಾವಿರ! ಅಷ್ಟೊಂದರಲ್ಲಿ ಇರುವುದಾದರೂ ಏನು? ಸಂಶೋಧಕರು ದಿನವಿಡೀ ಮಾಡುವುದಾದರೂ ಏನು? ಟಿವಿಯಲ್ಲಿ ‘ಸಂಶೋಧನೆಯಿಂದ ಸಾಬೀತಾಗಿದೆ’ ಅಂತ ಬಂದರೆ ಬಿಳಿ ಕೋಟು, ಗಾಜಿನ ನಳಿಗೆ ಕಣ್ಣಮುಂದೆ ಬರುತ್ತದೆ. ನಿಜದಲ್ಲಿ ಸಂಶೋಧಕರಲ್ಲಿ ಒಬ್ಬರು ಕಾಡಿನಲ್ಲಿ ಮರ ಎಣಿಸುತ್ತಿರುತ್ತಾರೆ, ಇನ್ನೊಬ್ಬರು ಹಳ್ಳಿ ಅಡುಗೆಮನೆಯಲ್ಲಿ ಒಲೆಯ ಹೊಗೆ ಅಳೆಯುತ್ತಿರುತ್ತಾರೆ, ಮತ್ತೊಬ್ಬರು ಮೂರನೇ ತರಗತಿಯ ಕೊನೆ ಬೆಂಚಿನಲ್ಲಿ ಕೂತಿರುತ್ತಾರೆ. ಮೂವರ ಕೆಲಸಕ್ಕೂ ಒಂದೇ ಹೆಸರು. ಆದರೆ ಅವರು ಕೇಳುವ ಪ್ರಶ್ನೆ ಬೇರೆ, ಉತ್ತರ ಸರಿಯೋ ತಪ್ಪೋ ಅಂತ ತೀರ್ಮಾನಿಸುವ ರೀತಿಯೂ ಬೇರೆ.

## ಮೊದಲು ನಾಲ್ಕು ಮಾತು

ಈಗಾಗಲೇ ಗೊತ್ತಿರುವುದನ್ನು ಓದಿ ತಿಳಿದುಕೊಳ್ಳುವುದು ಅಧ್ಯಯನ. ಯಾರಿಗೂ ಗೊತ್ತಿಲ್ಲದ ಒಂದು ವಿಷಯಕ್ಕೆ ಬೇರೆಯವರು ಪರೀಕ್ಷಿಸಿ ನೋಡಬಹುದಾದ ಉತ್ತರ ಹುಡುಕುವುದು ಸಂಶೋಧನೆ. ‘ಬೇರೆಯವರು ಪರೀಕ್ಷಿಸಬಹುದಾದ’ ಅನ್ನುವುದು ಮುಖ್ಯ. ನನಗೆ ಹೀಗನ್ನಿಸಿತು ಅಂದರೆ ಸಾಲದು. ನಾನು ಹೀಗೆ ಮಾಡಿದೆ, ಇಷ್ಟು ಸಿಕ್ಕಿತು, ನೀವೂ ಮಾಡಿ ನೋಡಿ ಅನ್ನಬೇಕು.

ಅದನ್ನು ಬರೆದಿಟ್ಟ ಲೇಖನವೇ ಪೇಪರ್, ಅಂದರೆ ಪ್ರಬಂಧ. ಪೇಪರ್‌ಗಳನ್ನು ಪ್ರಕಟಿಸುವ ಪತ್ರಿಕೆ ಜರ್ನಲ್. ಪ್ರಕಟಣೆಗೆ ಮೊದಲು ಸಂಪಾದಕರು ಅದನ್ನು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಕಳಿಸುತ್ತಾರೆ. ಅವರು ತಪ್ಪು ಹುಡುಕಿ, ಪ್ರಶ್ನೆ ಹಾಕಿ, ಬೇಡ ಅನ್ನಿಸಿದರೆ ತಿರಸ್ಕರಿಸಿ ಎಂದು ಬರೆಯುತ್ತಾರೆ. ಇದನ್ನು ಪಿಯರ್ ರಿವ್ಯೂ ಅನ್ನುತ್ತಾರೆ, ಅಂದರೆ ಸಹತಜ್ಞರ ಪರಿಶೀಲನೆ. ಈ ಪರಿಶೀಲನೆಗೆ ಮೊದಲೇ ಅಂತರ್ಜಾಲಕ್ಕೆ ಹಾಕಿದ ಪೇಪರ್ ಪ್ರಿಪ್ರಿಂಟ್. ಭೌತವಿಜ್ಞಾನಿಗಳು ‘ಆರ್ಕೈವ್’ ಅನ್ನುವ ತಾಣದಲ್ಲಿ 1991ರಿಂದಲೇ ಹೀಗೆ ಹಾಕುತ್ತಾ ಬಂದಿದ್ದಾರೆ.

ಇನ್ನು ಮೂರು ಬಗೆಯ ಪ್ರಶ್ನೆ. ನಮ್ಮ ಮನೆಯ ಇಡ್ಲಿ ಹಿಟ್ಟನ್ನೇ ತೆಗೆದುಕೊಳ್ಳಿ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆಗೆ ಉಬ್ಬುವುದು ಯಾಕೆ? ಇದು ವಿಜ್ಞಾನದ ಪ್ರಶ್ನೆ. ಹಿಟ್ಟಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ, ಅದು ಹಿಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಉತ್ತರ. ಡಿಸೆಂಬರ್ ಚಳಿಯಲ್ಲೂ ಏಪ್ರಿಲ್ ಸೆಕೆಯಲ್ಲೂ ಒಂದೇ ಹದದ ಹಿಟ್ಟನ್ನು ಸಾವಿರಾರು ಪ್ಯಾಕೆಟ್ ತುಂಬಿ, ಅಂಗಡಿ ಫ್ರಿಜ್‌ನಲ್ಲಿ ಕೆಡದೆ ಉಳಿಯುವಂತೆ ಮಾಡುವುದು ಹೇಗೆ? ಇದು ಎಂಜಿನಿಯರಿಂಗ್ ಪ್ರಶ್ನೆ. ಹಿಟ್ಟು ಉಬ್ಬುವುದನ್ನು ತೋರಿಸಿ ಪಾಠ ಮಾಡಿದರೆ ಏಳನೇ ತರಗತಿಯ ಮಕ್ಕಳಿಗೆ ಸೂಕ್ಷ್ಮಜೀವಿಗಳ ವಿಷಯ ನಿಜಕ್ಕೂ ಚೆನ್ನಾಗಿ ಅರ್ಥವಾಗುತ್ತದಾ, ಇಲ್ಲಾ ಸುಮ್ನೆ ಮಜಾ ಅನ್ನಿಸುತ್ತದಾ? ಇದು ಶಿಕ್ಷಣ ಸಂಶೋಧನೆಯ ಪ್ರಶ್ನೆ.

ಹಿಟ್ಟು ಒಂದೇ. ಆದರೆ ಮೊದಲನೆಯವರಿಗೆ ಸೂಕ್ಷ್ಮದರ್ಶಕ ಬೇಕು, ಎರಡನೆಯವರಿಗೆ ಕಾರ್ಖಾನೆ ಬೇಕು, ಮೂರನೆಯವರಿಗೆ ಮಕ್ಕಳು ಬೇಕು.

## ವಿಜ್ಞಾನ: ಇದು ಹೀಗೇಕೆ?

ವಿಜ್ಞಾನದ ಸಂಶೋಧನೆ ಎಷ್ಟೋ ಸಲ ಹೊರಗಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಕುತೂಹಲದ ಹಾಗೆ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರ ಕೆಲಸ ನೋಡಿ. ಅವರು ದಶಕಗಳ ಕಾಲ ನೋಡಿದ್ದು ಕಣಜವನ್ನು. ಕಿಟಕಿ ಮೂಲೆಯಲ್ಲಿ, ಸೂರಿನ ಕೆಳಗೆ ಕಾಗದದಂಥ ಗೂಡು ಕಟ್ಟುವ, ನಾವು ಪೊರಕೆ ತಂದು ಓಡಿಸುವ ಅದೇ ಕಣಜ. ಇವುಗಳಲ್ಲಿ ರೋಪಾಲಿಡಿಯಾ ಮಾರ್ಜಿನೇಟಾ ಅನ್ನುವ ಜಾತಿಯೊಂದಿದೆ. ಅದರ ಗೂಡಿನಲ್ಲಿ ಒಂದೇ ರಾಣಿ, ಮೊಟ್ಟೆ ಇಡುವುದು ಅವಳೊಬ್ಬಳೇ. ಆದರೆ ಆ ರಾಣಿ ತೀರಾ ಸಾಧು. ಯಾರನ್ನೂ ಹೆದರಿಸುವುದಿಲ್ಲ, ಕಚ್ಚುವುದಿಲ್ಲ. ಹಾಗಿದ್ದರೆ ಉಳಿದವರು ಅವಳ ಮಾತು ಕೇಳುವುದೇಕೆ?

ಪ್ರತಿ ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿದರು. ಗಂಟೆಗಟ್ಟಲೆ ಕೂತು ಯಾರು ಯಾರಿಗೆ ಏನು ಮಾಡಿದರು ಅಂತ ಬರೆದುಕೊಂಡರು. ರಾಣಿಯನ್ನು ತೆಗೆದು ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯರಲ್ಲಿ ಒಬ್ಬಳು ಸಿಡುಕು ಮುಖ ತೋರಿಸಿ ಎಲ್ಲರ ಮೇಲೂ ಏರಿಹೋಗಲು ಶುರುಮಾಡಿದಳು. ರಾಣಿ ವಾಪಸ್ ಬಂದರೆ ಅವಳೂ ತಣ್ಣಗಾದಳು. ಬಾರದಿದ್ದರೆ ಕೆಲವು ದಿನಗಳಲ್ಲಿ ಅವಳೇ ಮೊಟ್ಟೆ ಇಡತೊಡಗಿದಳು, ಮತ್ತೆ ಸಾಧುವಾದಳು. ಮುಂದಿನ ರಾಣಿ ಯಾರು ಅಂತ ನೋಡುತ್ತಿದ್ದ ವಿಜ್ಞಾನಿಗಳಿಗೆ ಮೊದಲೇ ಹೇಳಲು ಆಗುತ್ತಿರಲಿಲ್ಲ. ಕಣಜಗಳಿಗೆ ಗೊತ್ತಿರುತ್ತದಾ? ಇದನ್ನು ತಿಳಿಯಲು ಗೂಡನ್ನು ಎರಡು ಭಾಗ ಮಾಡಿ, ನಡುವೆ ತಂತಿ ಜಾಲರಿ ಹಾಕಿ, ರಾಣಿಯನ್ನು ಆ ಕಡೆ ಈ ಕಡೆ ಬದಲಿಸಿ ನೋಡಿದರು. ವಾರಸುದಾರಳು ಯಾರು ಅನ್ನುವುದು ಗುಂಪಿಗೆ ಮೊದಲೇ ಗೊತ್ತಿರುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿತು.

ಇದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಸದ್ಯಕ್ಕೆ ಯಾವ ಉಪಕರಣವೂ ಬರಲಿಲ್ಲ, ಔಷಧಿಯೂ ಬರಲಿಲ್ಲ. ಗುಂಪಾಗಿ ಬದುಕುವ ಜೀವಿಗಳಲ್ಲಿ ಸಹಕಾರ ಹೇಗೆ ಹುಟ್ಟಿತು ಅನ್ನುವ ದೊಡ್ಡ ಪ್ರಶ್ನೆಗೆ ಒಂದು ತುಣುಕು ಉತ್ತರ ಬಂತು. ಹೀಗೆ ತಿಳಿಯುವುದಕ್ಕಾಗಿಯೇ ಮಾಡುವ ಕೆಲಸವನ್ನು ಮೂಲ ಸಂಶೋಧನೆ ಅನ್ನುತ್ತಾರೆ.

ಎಲ್ಲವೂ ಇಷ್ಟು ಅಗ್ಗದಲ್ಲಿ ಆಗುವುದಿಲ್ಲ. ನ್ಯೂಟ್ರಿನೊ ಅನ್ನುವ ಕಣ ಇದೆ. ಕೋಟಿಗಟ್ಟಲೆ ನ್ಯೂಟ್ರಿನೊಗಳು ನಮ್ಮ ದೇಹದ ಮೂಲಕ ಹಾದು ಹೋಗುತ್ತಲೇ ಇರುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಭೂಮಿಯನ್ನೇ ತೂರಿಕೊಂಡು ಆಚೆ ಹೋಗಬಲ್ಲ ಕಣ ಅದು. ಅಪರೂಪಕ್ಕೆ ಒಂದು ಮಾತ್ರ ಯಾವುದೋ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಯನ್ನು ನೋಡಬೇಕಾದರೆ ಆಕಾಶದಿಂದ ಬರುವ ಬೇರೆ ಕಣಗಳ ಗದ್ದಲ ಇರಬಾರದು. ಅದಕ್ಕೆ ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಇರಬೇಕು.

ಅಂಥ ಜಾಗ ನಮ್ಮ ಕೋಲಾರದ ಚಿನ್ನದ ಗಣಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅಲ್ಲಿ ಬೇರೆ ಬೇರೆ ಆಳಗಳಲ್ಲಿ ಆಕಾಶದ ಆ ಗದ್ದಲದಲ್ಲಿ ಬರುವ ಮ್ಯೂಯಾನ್ ಅನ್ನುವ ಕಣಗಳನ್ನು ಎಣಿಸುತ್ತಿದ್ದರು. ಕೆಳಕ್ಕೆ ಹೋದಷ್ಟೂ ಎಣಿಕೆ ಕಡಿಮೆಯಾಯಿತು. ತೀರಾ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಬರಲಿಲ್ಲ. ‘ಏನೂ ಸಿಗಲಿಲ್ಲ’ ಅನ್ನುವುದೇ ಅವರಿಗೆ ಸಿಕ್ಕ ದೊಡ್ಡ ಸುದ್ದಿ. ಇಷ್ಟು ನಿಶ್ಶಬ್ದ ಇದ್ದರೆ ನ್ಯೂಟ್ರಿನೊ ಹುಡುಕಬಹುದು ಅಲ್ವಾ? ಜಪಾನಿನ ಒಸಾಕಾ, ಬ್ರಿಟನ್ನಿನ ಡರಮ್ ವಿಶ್ವವಿದ್ಯಾಲಯಗಳವರೂ ಸೇರಿಕೊಂಡರು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಇದೇ ಸಿಕ್ಕಿತ್ತು. ಜಗತ್ತಿನಲ್ಲಿ ಮೊದಲು ಕಂಡವರು ಈ ಎರಡು ತಂಡಗಳು. ಇದೇ ಬಗೆಯ ನ್ಯೂಟ್ರಿನೊಗಳನ್ನು ಹಿಡಿದು ಜಪಾನಿನವರು 1998ರಲ್ಲಿ ಈ ಕಣಕ್ಕೆ ತೂಕ ಇದೆ ಎಂದು ತೋರಿಸಿದರು. 2015ರ ಭೌತವಿಜ್ಞಾನ ನೊಬೆಲ್‌ನಲ್ಲಿ ಅದಕ್ಕೆ ಪಾಲು ಸಿಕ್ಕಿತು. ಕೆಜಿಎಫ್ ಅಂದರೆ ಈಗಿನ ಹುಡುಗರಿಗೆ ಸಿನಿಮಾ ಮಾತ್ರ ನೆನಪಾಗುವುದು ಬೇರೆ ಮಾತು.

ಇನ್ನೊಂದು ಬಗೆಯ ವಿಜ್ಞಾನದಲ್ಲಿ ಕಾಯುವುದೇ ಕೆಲಸ. ಮುದುಮಲೈ ಕಾಡಿನಲ್ಲಿ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿ, ಅಲ್ಲಿನ ಮರಗಳಿಗೆಲ್ಲ ಸಂಖ್ಯೆ ಹಾಕಿದರು. ಯಾವುದು ಸತ್ತಿತು, ಯಾವುದು ಬೆಳೆಯಿತು, ಬೆಂಕಿ ಬಂದಾಗ ಏನಾಯಿತು, ಆನೆ ಯಾವುದನ್ನು ಮುರಿಯಿತು ಅಂತ ಅಂದಿನಿಂದ ಲೆಕ್ಕ ಇಡುತ್ತಾ ಬಂದಿದ್ದಾರೆ. ಹವಾಮಾನ ಬದಲಾದರೆ ಕಾಡಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಐದು ವರ್ಷದ ಪಿಎಚ್‌ಡಿಯಲ್ಲಿ ಉತ್ತರ ಸಿಗುವುದಿಲ್ಲ. ಒಬ್ಬ ವಿದ್ಯಾರ್ಥಿ ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯಬೇಕು.

## ಎಂಜಿನಿಯರಿಂಗ್: ಇದು ಕೆಲಸ ಮಾಡುತ್ತದಾ, ಎಷ್ಟಕ್ಕೆ?

ವಿಜ್ಞಾನಿಗೆ ‘ಇದು ನಿಜವಾ’ ಅನ್ನುವುದು ದೊಡ್ಡ ಪ್ರಶ್ನೆ. ಎಂಜಿನಿಯರಿಗೆ ಅಷ್ಟೇ ಸಾಲದು. ಎಷ್ಟು ದಿನ ಬಾಳುತ್ತದೆ, ಎಷ್ಟು ಖರ್ಚು, ಕೆಟ್ಟರೆ ಏನಾಗುತ್ತದೆ, ರಿಪೇರಿ ಮಾಡುವವರು ಯಾರು? ಹೊಸ ವಸ್ತುವನ್ನು ಮಾಡುವಾಗ ಎದುರಾಗುವ ಈ ಪ್ರಶ್ನೆಗಳಿಗೆ ಎಲ್ಲೂ ಸಿದ್ಧ ಉತ್ತರ ಇಲ್ಲದಿದ್ದರೆ ಆಗ ಅದು ಸಂಶೋಧನೆ. ಗೊತ್ತಿರುವ ಲೆಕ್ಕ ಹಾಕಿ ಸೇತುವೆ ಕಟ್ಟುವುದು ಸಂಶೋಧನೆ ಅಲ್ಲ, ಅದು ವೃತ್ತಿ.

ನಿಮ್ಮ ಜೇಬಿನಲ್ಲಿರುವ ಫೋನಿನ ಬ್ಯಾಟರಿಯ ಕತೆ ಕೇಳಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಬಳಸಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಮಾಡಿದರು. ಅವರಿದ್ದದ್ದು ಎಕ್ಸಾನ್ ಅನ್ನುವ ಪೆಟ್ರೋಲ್ ಕಂಪನಿಯಲ್ಲಿ, ನಂಬಿದರೆ ನಂಬಿ. ಬ್ಯಾಟರಿ ಕೆಲಸ ಮಾಡಿತು, ಆದರೆ ಒಳಗಿದ್ದ ಶುದ್ಧ ಲಿಥಿಯಂ ಲೋಹಕ್ಕೆ ಬೆಂಕಿ ಹತ್ತಿಕೊಳ್ಳುವ ಅಪಾಯವಿತ್ತು. 1980ರಲ್ಲಿ ಜಾನ್ ಗುಡ್‌ಇನಫ್ ಆಕ್ಸ್‌ಫರ್ಡ್‌ನಲ್ಲಿ ಕೋಬಾಲ್ಟ್ ಆಕ್ಸೈಡ್ ಬಳಸಿ ವೋಲ್ಟೇಜ್ ಹೆಚ್ಚಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲಿಥಿಯಂ ಲೋಹವನ್ನೇ ಬಿಟ್ಟು, ಅದರ ಜಾಗಕ್ಕೆ ಇಂಗಾಲದ ಒಂದು ರೂಪವನ್ನು ತಂದರು. ಆಗ ಅದು ಸುರಕ್ಷಿತವಾಯಿತು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. 2019ರಲ್ಲಿ ಮೂವರಿಗೂ ರಸಾಯನ ವಿಜ್ಞಾನದ ನೊಬೆಲ್ ಬಂತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನೊಬೆಲ್ ಸಿಗದ ಸಾವಿರಾರು ಜನ ಆಮೇಲೂ ಸಣ್ಣ ಸಣ್ಣ ಸುಧಾರಣೆ ಮಾಡುತ್ತಾ ಹೋದರು. ಲೇಪನ ತೆಳುವಾಗಿಸುವುದು, ಬಿಸಿ ಹೊರಹಾಕುವುದು, ಕೋಬಾಲ್ಟ್ ಕಡಿಮೆ ಮಾಡುವುದು, ಕಾರ್ಖಾನೆಯಲ್ಲಿ ಹಾಳಾಗುವ ಸರಕು ತಗ್ಗಿಸುವುದು. 2010ರಿಂದ 2020ರ ನಡುವೆ ಲಿಥಿಯಂ ಅಯಾನ್ ಬ್ಯಾಟರಿ ಬೆಲೆ ಸುಮಾರು ಶೇಕಡ 90ರಷ್ಟು ಇಳಿಯಿತು. ರಸ್ತೆಯಲ್ಲಿ ಇಷ್ಟೊಂದು ವಿದ್ಯುತ್ ಸ್ಕೂಟರ್ ಕಾಣುವುದಕ್ಕೆ ಆ ಇಳಿಕೆ ಕಾರಣ. ಎಂಜಿನಿಯರಿಂಗ್ ಸಂಶೋಧನೆಯ ಹೆಚ್ಚಿನ ಪಾಲು ಹೀಗೇ ಇರುತ್ತದೆ. ಸುದ್ದಿಯಾಗುವುದಿಲ್ಲ, ಆದರೆ ಕೂಡುತ್ತಾ ಹೋಗುತ್ತದೆ.

ಒಂದು ಹೊಸ ತಂತ್ರ ಎಲ್ಲಿಯವರೆಗೆ ಬಂದಿದೆ ಅಂತ ಹೇಳಲು ಅಮೆರಿಕದ ನಾಸಾ ಒಂದು ಅಳತೆ ಮಾಡಿಕೊಂಡಿದೆ, 1ರಿಂದ 9ರವರೆಗೆ. ಮೂಲ ತತ್ವ ಕಾಗದದ ಮೇಲಿದ್ದರೆ 1. ಪ್ರಯೋಗಾಲಯದಲ್ಲಿ ಓಡಿದರೆ ನಡುವಿನ ಮೆಟ್ಟಿಲು. ನಿಜವಾದ ಪರಿಸ್ಥಿತಿಯಲ್ಲಿ ಕೆಲಸ ಮಾಡಿ ತೋರಿಸಿದರೆ 9. ‘ಐದು ನಿಮಿಷದಲ್ಲಿ ಚಾರ್ಜ್ ಆಗುವ ಬ್ಯಾಟರಿ ಕಂಡುಹಿಡಿದ ವಿಜ್ಞಾನಿಗಳು’ ಅಂತ ಸುದ್ದಿ ಬಂದಾಗ ಅದು ಯಾವ ಮೆಟ್ಟಿಲಿನಲ್ಲಿದೆ ಅಂತ ನೋಡಿದರೆ ನಿರಾಸೆ ಕಡಿಮೆಯಾಗುತ್ತದೆ. ಬಹಳಷ್ಟು ಕೆಳಗಿನ ಮೆಟ್ಟಿಲುಗಳಲ್ಲೇ ಇರುತ್ತವೆ.

ಪ್ರಯೋಗಾಲಯಕ್ಕೂ ಮನೆಗೂ ಇರುವ ಈ ದೂರ ಎಷ್ಟು ಅಂತ ತಿಳಿಯಲು ಒಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಅನ್ನುವ ಕೇಂದ್ರ ಶುರುಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನದ ಬಗ್ಗೆ ಸಂಶೋಧನೆ ಮಾಡುವುದು ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ಹತ್ತಿರದ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಇತ್ತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಇಡುವ, ಹೊಗೆ ಕೊಳವೆ ಇರುವ ಒಲೆ. ನೋಡಲು ಮಣ್ಣಿನ ಒಲೆಯೇ. ಆದರೆ ಒಳಗೆ ಗಾಳಿ ಎಷ್ಟು ಬರಬೇಕು, ಉರಿಯ ಗೂಡು ಎಷ್ಟು ದೊಡ್ಡದಿರಬೇಕು, ಬಿಸಿ ಗಾಳಿ ಯಾವ ದಾರಿಯಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗಬೇಕು ಅನ್ನುವುದನ್ನೆಲ್ಲ ಅಳೆದು ಮಾಡಿದ್ದು. ಸೌದೆ ಉಳಿಯಿತು, ಅಡುಗೆಮನೆಯ ಹೊಗೆ ಇಳಿಯಿತು. ಕರ್ನಾಟಕದ ಬಹಳಷ್ಟು ಹಳ್ಳಿಗಳಲ್ಲಿ ಇದನ್ನು ಕಟ್ಟಿಸಿದ್ದರು, ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ಇಂಥ ಒಲೆಗಳ ದೇಶಮಟ್ಟದ ಕಾರ್ಯಕ್ರಮ 1983ರಲ್ಲಿ ಶುರುವಾಯಿತು, ಸುಮಾರು ಇಪ್ಪತ್ತು ವರ್ಷ ನಡೆಯಿತು. ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಮಾದರಿ. ಆಮೇಲೆ ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡ ಹೊಗೆಕೊಳವೆಯ ಸುಧಾರಿತ ಒಲೆ ಪಡೆದ ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿತು. ಮೊದಲ ವರ್ಷ ಹೆಂಗಸರು ಉಸಿರಾಡುವ ಹೊಗೆ ಕಡಿಮೆಯಾಯಿತು. ಮುಂದಿನ ವರ್ಷಗಳಲ್ಲಿ ಆ ಲಾಭ ಕಾಣೆಯಾಯಿತು. ಒಲೆಯ ವಿನ್ಯಾಸ ಹಾಗೇ ಇತ್ತು. ಆದರೆ ಕೊಳವೆ ಸ್ವಚ್ಛ ಮಾಡಬೇಕು, ಬಿರುಕು ಬಿಟ್ಟರೆ ಮೆತ್ತಬೇಕು, ಅದಕ್ಕೆಲ್ಲ ಪುರುಸೊತ್ತು ಬೇಕು. ಜನ ಅದನ್ನು ಕ್ರಮೇಣ ಕಡಿಮೆ ಬಳಸಿದರು. ಒಲೆಯ ದಕ್ಷತೆ ಎಷ್ಟು ಅನ್ನುವುದು ಎಂಜಿನಿಯರಿಂಗ್ ಅಳತೆ. ಒಲೆ ಹಚ್ಚುವವರು ಅದನ್ನು ಹೇಗೆ ಬಳಸುತ್ತಾರೆ ಅನ್ನುವುದಕ್ಕೆ ಬೇರೆಯೇ ಸಂಶೋಧನೆ ಬೇಕು.

## ಶಿಕ್ಷಣ: ಯಾರಿಗೆ, ಎಲ್ಲಿ, ಯಾಕೆ?

ಮನುಷ್ಯರ ಮೇಲೆ ಸಂಶೋಧನೆ ಮಾಡುವುದು ಕಷ್ಟ. ಲೋಹದ ತುಂಡಿಗೆ ತನ್ನನ್ನು ಯಾರೋ ಅಳೆಯುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಮಕ್ಕಳಿಗೆ ಗೊತ್ತಾಗುತ್ತದೆ. ಮೇಷ್ಟರಿಗಂತೂ ಚೆನ್ನಾಗಿಯೇ ಗೊತ್ತಾಗುತ್ತದೆ, ಅವತ್ತು ಪಾಠ ಜೋರಾಗಿ ನಡೆಯುತ್ತದೆ! ಮಕ್ಕಳ ಮೇಲೆ ಪ್ರಯೋಗ ಮಾಡಲು ಪೋಷಕರ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಬೇಕು. ಎರಡು ಶಾಲೆಗಳು ಯಾವತ್ತೂ ಒಂದೇ ಥರ ಇರುವುದಿಲ್ಲ.

ಹಾಗಿದ್ದ ಮೇಲೆ ಒಂದು ಹೊಸ ಕ್ರಮದಿಂದಲೇ ಕಲಿಕೆ ಸುಧಾರಿಸಿತು ಅಂತ ಹೇಳುವುದು ಹೇಗೆ? ಇದಕ್ಕೆ ಬಂದ ಉಪಾಯ ಹುಟ್ಟಿದ್ದು ಹೊಲದಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ಅನ್ನುವ ಗಣಿತಜ್ಞರಿಗೆ ಒಂದು ತಲೆನೋವು ಇತ್ತು. ಗೊಬ್ಬರ ಹಾಕಿದ ಪಟ್ಟಿಯಲ್ಲಿ ಬೆಳೆ ಚೆನ್ನಾಗಿ ಬಂದರೆ ಅದು ಗೊಬ್ಬರದಿಂದಲೋ, ಆ ಮಣ್ಣೇ ಒಳ್ಳೆಯದೋ? ಯಾವ ಪಟ್ಟಿಗೆ ಗೊಬ್ಬರ ಅನ್ನುವುದನ್ನು ನಾವು ಆರಿಸಬಾರದು, ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಬೇಕು ಅಂದರು ಅವರು. ಪಟ್ಟಿಗಳು ಸಾಕಷ್ಟಿದ್ದರೆ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತವೆ. ಆಮೇಲೆ ಕಾಣುವ ವ್ಯತ್ಯಾಸ ಗೊಬ್ಬರದ್ದೇ. ಇದನ್ನೇ ಆಸ್ಪತ್ರೆಗಳಲ್ಲಿ ಔಷಧಿ ಪರೀಕ್ಷೆಗೆ ತಂದರು. ಶಾಲೆಗಳಿಗೂ ತಂದರು. ಹೊಸ ಕ್ರಮ ಸಿಗದ ಗುಂಪಿಗೆ ಹೋಲಿಕೆ ಗುಂಪು ಅನ್ನುತ್ತಾರೆ.

1990ರ ದಶಕದಲ್ಲಿ ಕೀನ್ಯಾ ದೇಶದ ಪಶ್ಚಿಮ ಭಾಗದಲ್ಲಿ ಒಂದು ಪ್ರಯೋಗ ನಡೆಯಿತು. ಅಲ್ಲಿನ ಬಡ ಶಾಲೆಗಳಲ್ಲಿ ಪಠ್ಯಪುಸ್ತಕವೇ ಇರಲಿಲ್ಲ. ನಾಲ್ಕಾರು ಮಕ್ಕಳಿಗೆ ಒಂದು ಪುಸ್ತಕ ಇದ್ದರೆ ಹೆಚ್ಚು. ಪುಸ್ತಕ ಕೊಟ್ಟರೆ ಕಲಿಕೆ ಸುಧಾರಿಸುತ್ತದೆ ಅನ್ನುವುದರಲ್ಲಿ ಯಾರಿಗೆ ಅನುಮಾನ? ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು 100 ಶಾಲೆಗಳಲ್ಲಿ 25ನ್ನು ಅದೃಷ್ಟದ ಮೇಲೆ ಆರಿಸಿ ಮೊದಲು ಅವಕ್ಕೆ ಪುಸ್ತಕ ಕೊಡಿಸಿದರು. ಪರೀಕ್ಷೆ ಮಾಡಿ ನೋಡಿದರೆ ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಜಾಣರಾಗಿದ್ದ ಮಕ್ಕಳಿಗೆ ಮಾತ್ರ ಲಾಭವಾಗಿತ್ತು. ಕಾರಣ? ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಆ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಇಂಗ್ಲಿಷ್ ಮೂರನೇ ಭಾಷೆ. ಪುಸ್ತಕ ಕೈಗೆ ಬಂದರೂ ಓದಲು ಬರುತ್ತಿರಲಿಲ್ಲ. ಗಡಿ ತಾಲ್ಲೂಕಿನ ನಮ್ಮ ಯಾವ ಮೇಷ್ಟರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಾದ ಕೆಲವು ವರ್ಷಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಪ್ರಯೋಗ. ‘ಪ್ರಥಮ್’ ಸಂಸ್ಥೆ ಮುಂಬೈ ಮತ್ತು ವಡೋದರಾದ ಸರ್ಕಾರಿ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿತು. ಕಲಿಸಲು ಅದೇ ಬಡಾವಣೆಯ ಓದಿದ ಯುವತಿಯರು. ಅವರನ್ನು ‘ಬಾಲಸಖಿ’ ಅಂತ ಕರೆದರು. ತರಗತಿಯ ಪಠ್ಯ ಬಿಟ್ಟು, ಮಗುವಿಗೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಶುರುಮಾಡಿದರು. ಅಕ್ಷರವೇ ಬಾರದಿದ್ದರೆ ಅಕ್ಷರದಿಂದ. 2001ರಿಂದ 2003ರವರೆಗೆ ನಡೆದ ಇದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಹೋಲಿಕೆ ಗುಂಪು ಇಟ್ಟು ಅಳೆದರು. ಅಂಕ ಏರಿತು, ತೀರಾ ಹಿಂದೆ ಇದ್ದವರಿಗೆ ಜಾಸ್ತಿ ಲಾಭವಾಯಿತು. ಬ್ಯಾನರ್ಜಿ, ಡುಫ್ಲೊ, ಕ್ರೆಮರ್ ಮೂವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಡತನವನ್ನು ಹೀಗೆ ಪ್ರಯೋಗದ ಮೂಲಕ ಅರಿಯುವ ಕೆಲಸಕ್ಕಾಗಿ.

ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆಯೂ ಗೆಲ್ಲುತ್ತದಾ? ಅಮೆರಿಕದ ಟೆನ್ನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ 79 ಶಾಲೆಗಳ 11,000ಕ್ಕೂ ಹೆಚ್ಚು ಮಕ್ಕಳನ್ನು ಅದೃಷ್ಟದ ಮೇಲೆ ಸಣ್ಣ ಮತ್ತು ದೊಡ್ಡ ತರಗತಿಗಳಿಗೆ ಹಂಚಿದರು. ಸಣ್ಣ ತರಗತಿಯಲ್ಲಿ 13ರಿಂದ 17 ಮಕ್ಕಳು. ಅವರು ಚೆನ್ನಾಗಿ ಕಲಿತರು. ಇದನ್ನು ನೋಡಿ 1996ರಲ್ಲಿ ಕ್ಯಾಲಿಫೋರ್ನಿಯಾ ಇಡೀ ರಾಜ್ಯದಲ್ಲಿ ಕೆಳಗಿನ ತರಗತಿಗಳನ್ನು ಚಿಕ್ಕದು ಮಾಡಿತು. ಅದಕ್ಕೆ ಏಕಾಏಕಿ ಸಾವಿರಾರು ಹೊಸ ಶಿಕ್ಷಕರು ಬೇಕಾಯಿತು. ತರಬೇತಿ ಪೂರ್ತಿಯಾಗದವರನ್ನೂ ತೆಗೆದುಕೊಂಡರು. ಬಡ ಬಡಾವಣೆಯ ಅನುಭವಿ ಶಿಕ್ಷಕರು ಒಳ್ಳೆಯ ಬಡಾವಣೆಗೆ ಹೊರಟುಹೋದರು. ಟೆನ್ನೆಸಿಯಲ್ಲಿ ಕಂಡಷ್ಟು ಸ್ಪಷ್ಟ ಲಾಭ ಇಲ್ಲಿ ಕಾಣಲಿಲ್ಲ. ಟೆನ್ನೆಸಿಯ ಸಂಶೋಧನೆ ತಪ್ಪೇನೂ ಅಲ್ಲ. ಪರಿಸ್ಥಿತಿ ಬೇರೆಯಾಗಿತ್ತು.

ಅಂಕ ಮತ್ತು ಹೋಲಿಕೆ ಗುಂಪು ಮಾತ್ರ ಶಿಕ್ಷಣ ಸಂಶೋಧನೆ ಅಂದುಕೊಳ್ಳಬೇಡಿ. ಪುಸ್ತಕ ಕೊಟ್ಟರೂ ಅಂಕ ಏರಲಿಲ್ಲ ಅಂತ ಸಂಖ್ಯೆ ಹೇಳುತ್ತದೆ, ಯಾಕೆ ಅಂತ ಹೇಳಬೇಕಾದರೆ ತರಗತಿಯ ಒಳಗೆ ಹೋಗಿ ಕೂರಬೇಕು. ಮಗು ತಪ್ಪು ಉತ್ತರಕ್ಕೆ ಹೇಗೆ ಬಂತು, ಮೇಷ್ಟರು ಯಾರನ್ನು ಪ್ರಶ್ನೆ ಕೇಳುತ್ತಾರೆ, ಯಾರನ್ನು ಕೇಳುವುದೇ ಇಲ್ಲ ಅನ್ನುವುದನ್ನು ನೋಡಿ ಬರೆಯಬೇಕು. ಇದು ಗುಣಾತ್ಮಕ ಸಂಶೋಧನೆ. ಶಿಕ್ಷಕರು ತಮ್ಮದೇ ತರಗತಿಯಲ್ಲಿ ಬದಲಾವಣೆ ಮಾಡಿ, ನೋಡಿ, ಮತ್ತೆ ತಿದ್ದಿಕೊಳ್ಳುವುದು ಕ್ರಿಯಾ ಸಂಶೋಧನೆ. ಬಿ.ಎಡ್. ಓದಿದವರಿಗೆಲ್ಲ ಈ ಹೆಸರು ಗೊತ್ತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಬೆಳೆದದ್ದು ಶಿಕ್ಷಕರೇ ಕೂತು ಕಾರ್ಡುಗಳನ್ನು ಮಾಡಿ, ಮಕ್ಕಳ ಜೊತೆ ಬಳಸಿ ನೋಡಿದ್ದರಿಂದ.

ಇನ್ನೊಂದು ಮಾತು. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕ ಹಾಗೆ ಪಾಠ ಮಾಡಬೇಕು ಅನ್ನುವುದನ್ನು ನೀವು ಕೇಳಿರುತ್ತೀರಿ. 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಇದಕ್ಕಿರುವ ಪುರಾವೆಯನ್ನೆಲ್ಲ ಜಾಲಾಡಿ ನೋಡಿದರು. ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಎಂದರು. ಶಿಕ್ಷಕರ ತರಬೇತಿಗಳಲ್ಲಿ ಆ ಸ್ಲೈಡ್ ಮಾತ್ರ ಇನ್ನೂ ಓಡುತ್ತಲೇ ಇದೆ.

## ಬೇಲಿ ದಾಟುವವರು

ಮೂರು ಬಗೆ ಅಂದೆ, ಆದರೆ ನಡುವೆ ಗಟ್ಟಿ ಬೇಲಿ ಏನಿಲ್ಲ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕೋಲ್ಕತ್ತಾದಲ್ಲಿ ಕಂಡದ್ದು ಬೆಳಕಿನ ಒಂದು ಗುಣ. ವಸ್ತುವಿನಿಂದ ಚದುರಿ ಬರುವ ಬೆಳಕಿನಲ್ಲಿ ಬಣ್ಣ ಸ್ವಲ್ಪ ಬದಲಾಗಿರುತ್ತದೆ, ಆ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ಥರ. ಅಪ್ಪಟ ಕುತೂಹಲದ ಕೆಲಸ. 1960ರಲ್ಲಿ ಲೇಸರ್ ಬಂದ ಮೇಲೆ ಅದನ್ನು ಸುಲಭವಾಗಿ ಅಳೆಯಲು ಆಯಿತು, ಎಂಜಿನಿಯರುಗಳು ಉಪಕರಣ ಮಾಡಿದರು. ಇವತ್ತು ಔಷಧಿ ಕಾರ್ಖಾನೆಯಲ್ಲಿ ಕಚ್ಚಾವಸ್ತು ಅಸಲಿಯೇ ಅಂತ ನೋಡಲು ಅದು ಬೇಕು. ಮಂಗಳ ಗ್ರಹದಲ್ಲಿ ಓಡಾಡುತ್ತಿರುವ ಪರ್ಸಿವಿಯರೆನ್ಸ್ ವಾಹನದಲ್ಲೂ ರಾಮನ್ ಪರಿಣಾಮ ಬಳಸಿ ಕಲ್ಲು ಪರೀಕ್ಷಿಸುವ ಉಪಕರಣಗಳಿವೆ. ಅಲ್ಲಿಗೆ ಅದು ಮತ್ತೆ ವಿಜ್ಞಾನದ ಕೈಗೆ ಬಂತು.

ಭೌತವಿಜ್ಞಾನಿಗಳು ಶಿಕ್ಷಣ ಸಂಶೋಧನೆಗೆ ಇಳಿದದ್ದೂ ಇದೆ. ಲಾರಿ ಬಂದು ಕಾರಿಗೆ ಗುದ್ದಿದಾಗ ಯಾವುದರ ಮೇಲೆ ಜಾಸ್ತಿ ಬಲ ಬೀಳುತ್ತದೆ? ಎರಡರ ಮೇಲೂ ಸಮ, ಇದು ನ್ಯೂಟನ್ನನ ಮೂರನೇ ನಿಯಮ. ಲೆಕ್ಕಗಳನ್ನು ಫಟಾಫಟ್ ಬಿಡಿಸುವ ಕಾಲೇಜು ವಿದ್ಯಾರ್ಥಿಗಳೂ ಕಾರಿನ ಮೇಲೆ ಅನ್ನುತ್ತಾರೆ. ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ಇಂಥ ಪ್ರಶ್ನೆಗಳದ್ದೇ ಒಂದು ಪರೀಕ್ಷೆ ರೂಪಿಸಿದರು. ಹಾರ್ವರ್ಡ್‌ನ ಎರಿಕ್ ಮಜೂರ್ ಅದೇ ಬಗೆಯ ಪರೀಕ್ಷೆಯನ್ನು ತಮ್ಮ ತರಗತಿಗೆ ಕೊಟ್ಟು ನೋಡಿ ಬೆಚ್ಚಿದರು. ಉಪನ್ಯಾಸ ಕಡಿಮೆ ಮಾಡಿ, ವಿದ್ಯಾರ್ಥಿಗಳು ಪಕ್ಕದವರ ಜೊತೆ ವಾದ ಮಾಡಿ ಉತ್ತರ ಹೇಳುವ ಕ್ರಮ ತಂದರು. 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತ ಪಾಠಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಬರೀ ಉಪನ್ಯಾಸ ಕೇಳಿದವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು ಜಾಸ್ತಿ ಅಂತ ಬಂತು. ಹೀಗೆ ಹಲವು ಅಧ್ಯಯನಗಳ ಅಂಕಿಅಂಶವನ್ನು ಕೂಡಿಸಿ ನೋಡುವುದಕ್ಕೆ ಮೆಟಾ ಅನಾಲಿಸಿಸ್ ಅನ್ನುತ್ತಾರೆ.

## ಒಂದು ಪೇಪರ್ ಸಾಕಾ?

ಸಾಲದು. 2023ರ ಜುಲೈನಲ್ಲಿ ಕೊರಿಯಾದ ತಂಡವೊಂದು ಎಲ್‌ಕೆ-99 ಅನ್ನುವ ವಸ್ತುವಿನ ಬಗ್ಗೆ ಪ್ರಿಪ್ರಿಂಟ್ ಹಾಕಿತು. ಮಾಮೂಲಿ ಉಷ್ಣತೆಯಲ್ಲೇ ಯಾವ ಅಡ್ಡಿಯೂ ಇಲ್ಲದೆ ವಿದ್ಯುತ್ ಹರಿಸುವ ವಸ್ತು ಅಂದರು. ನಿಜವಾಗಿದ್ದರೆ ಜಗತ್ತೇ ಬದಲಾಗುತ್ತಿತ್ತು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಸೇರಿ ಬೇರೆ ಬೇರೆ ದೇಶಗಳವರು ಅದನ್ನು ತಾವೇ ಮಾಡಿ ನೋಡಿದರು. ಕೆಲವೇ ವಾರಗಳಲ್ಲಿ ಗಾಳಿ ಇಳಿಯಿತು. ವಸ್ತುವಿನಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಅನ್ನುವ ಕಲ್ಮಶದಿಂದ ಹಾಗೆ ಕಂಡಿತ್ತು. ವಿಜ್ಞಾನದಲ್ಲಿ ಹೀಗೆ ಬೇಗ ಬಯಲಾಗುವುದಕ್ಕೆ ಕಾರಣ, ವಸ್ತುವನ್ನು ಎಲ್ಲಿ ಬೇಕಾದರೂ ಮಾಡಬಹುದು.

ಮನುಷ್ಯರ ವಿಷಯದಲ್ಲಿ ಅಷ್ಟು ಸುಲಭವಿಲ್ಲ. ಮನೋವಿಜ್ಞಾನದ 100 ಅಧ್ಯಯನಗಳನ್ನು ದೊಡ್ಡ ತಂಡವೊಂದು ಮತ್ತೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲದಲ್ಲಿ ಹೆಚ್ಚುಕಡಿಮೆ ಎಲ್ಲವೂ ಗೆದ್ದಿದ್ದವು. ಎರಡನೇ ಸಲ ಸ್ಪಷ್ಟವಾಗಿ ಗೆದ್ದದ್ದು ಸುಮಾರು ಶೇಕಡ 36 ಮಾತ್ರ.

ಹಾಗಾಗಿ ಸುದ್ದಿಯಲ್ಲಿ ‘ಸಂಶೋಧನೆ’ ಕಂಡಾಗ ಕೇಳುವ ಪ್ರಶ್ನೆ ಆಯಾ ಬಗೆಗೆ ತಕ್ಕಂತೆ ಬೇರೆಯಾಗುತ್ತದೆ. ವಿಜ್ಞಾನದ ಸುದ್ದಿ ಆದರೆ ಬೇರೆ ತಂಡಕ್ಕೂ ಇದೇ ಸಿಕ್ಕಿದೆಯಾ ಅಂತ ನೋಡಿ. ಯಂತ್ರವೋ ಬ್ಯಾಟರಿಯೋ ಆದರೆ ಪ್ರಯೋಗಾಲಯದ ಹೊರಗೆ ಎಷ್ಟು ದಿನ ಓಡಿದೆ, ಬೆಲೆ ಎಷ್ಟು ಅಂತ ನೋಡಿ. ಶಿಕ್ಷಣದ್ದಾದರೆ ಎಲ್ಲಿ, ಎಷ್ಟು ಮಕ್ಕಳ ಜೊತೆ ಮಾಡಿದ್ದು, ಹೋಲಿಕೆ ಗುಂಪು ಇತ್ತಾ, ನಮ್ಮ ಶಾಲೆ ಅದಕ್ಕೆ ಹತ್ತಿರ ಇದೆಯಾ ಅಂತ ನೋಡಿ.

## ನೀವೇ ಓದಬೇಕಾದರೆ

ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಸದ್ಯಕ್ಕೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರಗಳಿಗೆ ಮಾತ್ರ. ಮನೆಯಲ್ಲಿ ಕೂತ ನಮಗಿಲ್ಲ. ಮನೆಯಲ್ಲಿ ಯಾರಾದರೂ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದರೆ ಗ್ರಂಥಾಲಯದಲ್ಲಿ ವಿಚಾರಿಸಲು ಹೇಳಿ, ಎಷ್ಟೋ ಕಡೆ ವಿದ್ಯಾರ್ಥಿಗಳಿಗೇ ಈ ಸೌಲಭ್ಯದ ಸುದ್ದಿ ಮುಟ್ಟಿರುವುದಿಲ್ಲ. ಉಳಿದವರಿಗೆ ಆರ್ಕೈವ್ ತಾಣ ಪೂರ್ತಿ ಉಚಿತ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ತಾಣವೂ ಉಚಿತ. ಭಾರತದ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್‌ಡಿ ಪ್ರಬಂಧಗಳು ಅಲ್ಲಿವೆ, ಕನ್ನಡದಲ್ಲಿ ಬರೆದವೂ ಇವೆ. ಪೇಪರ್ ತೆರೆದಾಗ ಮೊದಲು ಸಾರಾಂಶ ಓದಿ. ಆಮೇಲೆ ನೇರವಾಗಿ ವಿಧಾನದ ಭಾಗಕ್ಕೆ ಹೋಗಿ, ಏನನ್ನು, ಎಷ್ಟನ್ನು, ಹೇಗೆ ಅಳೆದರು ಅಂತ ಅಲ್ಲಿ ಬರೆದಿರುತ್ತದೆ. ಕೊನೆಯಲ್ಲಿ ‘ಮಿತಿಗಳು’ ಅನ್ನುವ ಪುಟ್ಟ ಭಾಗ ಇದ್ದರೆ ಬಿಡಬೇಡಿ. ತಮ್ಮ ಕೆಲಸದಿಂದ ಏನನ್ನು ಹೇಳಲು ಆಗುವುದಿಲ್ಲ ಅಂತ ಸಂಶೋಧಕರೇ ಅಲ್ಲಿ ಬರೆದಿರುತ್ತಾರೆ. ಪತ್ರಿಕೆಯ ಸುದ್ದಿಯಲ್ಲಿ ಮೊದಲು ಉದುರಿಹೋಗುವುದು ಅದೇ ಭಾಗ.